ರಿಚಿ ಬೀದಿಯಲ್ಲಿ ಮೂರು ದಿನ

ಎಲ್ಲಾ ಶುರುವಾದದ್ದು ಒಂದು ಕಾಗೆಯಿಂದ. ಅಯನಾವರದ ನಮ್ಮ ಮನೆಯ ತಾರಸಿ ಮೇಲೆ ಕಟ್ಟಿದ್ದ ಆಂಟೆನಾ ತಂತಿಯನ್ನು ಅದು ಗೂಡಿಗೆಂದು ದಿನಾ ಎಳೆಯುತ್ತಿತ್ತು. ಒಂದು ದಿನ ತುದಿ ಬಿಚ್ಚಿಕೊಂಡು ಕಬ್ಬಿಣದ ಕಟಕಟೆ ಮೇಲೆ ಬಿತ್ತು. ನನಗೆ ಅದು ಗೊತ್ತಿಲ್ಲ, ಕೆಳಗೆ ಮೈಕ್ ಹಿಡಿದು ಮಾತಾಡುತ್ತಿದ್ದೆ. ಫಟ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು. ಟ್ರಾನ್ಸ್‌ಮಿಟರಿನಲ್ಲಿ ಧ್ವನಿಯನ್ನು ಆಂಟೆನಾಕ್ಕೆ ತಳ್ಳುವ ಕೊನೆಯ ಟ್ರಾನ್ಸಿಸ್ಟರು ಹೋಗಿತ್ತು. ತಂತಿಯನ್ನು ಅಂದೇ ಮತ್ತೆ ಕಟ್ಟಿದೆ.

ನನ್ನದು ಹ್ಯಾಮ್ ರೇಡಿಯೋ, ಮನೆಯಲ್ಲೇ ಕೂತು ರೇಡಿಯೋದಲ್ಲಿ ಮಾತಾಡಿಕೊಳ್ಳುವ ಹವ್ಯಾಸ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತನಾದ ಮೇಲೆ ಲೈಸೆನ್ಸು ಮಾಡಿಸಿ, ಸ್ವಂತ ಕೈಯಿಂದ ಕಟ್ಟಿದ ಪೆಟ್ಟಿಗೆಗಳು. ಕೇಳುವ ಪೆಟ್ಟಿಗೆ ಬೇರೆ, ಹೇಳುವ ಪೆಟ್ಟಿಗೆ ಬೇರೆ. ಕಾಗೆಯ ಕೃಪೆಯಿಂದ ಹೇಳುವುದು ಕೆಟ್ಟಿತು, ಕೇಳುವುದು ಉಳಿಯಿತು. ದೇವರು ಇದನ್ನೇ ತಿರುಗಿಸಿ ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಗುಂಪಿನ ಹಾಜರಿ. ಗಿಂಡಿ ಬಡಾವಣೆಯಿಂದ ಒಬ್ಬರು ಒಬ್ಬೊಬ್ಬರ ಕರೆಗುರುತಿನ ಅಕ್ಷರ ಕೂಗುತ್ತಾರೆ, ನಾವು ಹಾಜರ್ ಎನ್ನುತ್ತೇವೆ, ಸಿಗ್ನಲ್ ಹೇಗೆ ಕೇಳಿಸುತ್ತಿದೆ ಎಂದು ವಿಚಾರಿಸಿಕೊಳ್ಳುತ್ತೇವೆ, ಸೆಕೆ ಬಗ್ಗೆ ಎರಡು ಮಾತು, ಮುಗಿಯಿತು. ನನ್ನ ಅಕ್ಷರ ಎಂ.ಕೆ.ಎಸ್. ಯಾರೋ ತಮಾಷೆಗೆ ಅದನ್ನು 'ಮೋರ್ ಕುಳಂಬು ಸಾದಂ' ಎಂದು ಬಿಡಿಸಿದರು. ಅಂದಿನಿಂದ ನಾನು ಎಲ್ಲರ ಪಾಲಿಗೆ ಮಜ್ಜಿಗೆಹುಳಿ ಅನ್ನ. ಹನ್ನೊಂದು ವರ್ಷದಲ್ಲಿ ಒಬ್ಬರ ಮುಖವನ್ನೂ ನೋಡಿಲ್ಲ. ಆದರೂ ಮದುವೆಯಿಲ್ಲದ ನನಗೆ, ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೆ, ವಾರಕ್ಕೊಮ್ಮೆ ನನ್ನನ್ನು ಕೂಗುವ ಧ್ವನಿ ಅದೊಂದೇ.

ಕೆಟ್ಟ ಮೊದಲ ಭಾನುವಾರ ಕೇಳುತ್ತಾ ಕೂತೆ. "ಎಂ.ಕೆ.ಎಸ್... ಎಂ.ಕೆ.ಎಸ್... ಇಲ್ವಾ? ಸರಿ, ಮುಂದೆ." ಅಷ್ಟೇ. ಯಾಕೆ ಬಂದಿಲ್ಲ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ನನ್ನ ಹತ್ತಿರ ಯಾರ ಫೋನ್ ನಂಬರೂ ಇಲ್ಲ. ಇದ್ದರೂ ಮಾಡುತ್ತಿರಲಿಲ್ಲ. 'ನಾನು ಬಂದಿಲ್ಲ, ಗಮನಿಸಿದ್ರಾ?' ಎಂದು ಯಾರಾದರೂ ಫೋನ್ ಮಾಡಿ ಕೇಳುತ್ತಾರೆಯೇ? ನನಗೂ ಮಾನ ಇದೆ.

ಆ ರೋಷದಲ್ಲೇ ಬೆಸುಗೆ ಹಾಕುವ ಮೂವತ್ತು ವರ್ಷದ ಹಳೆ ಸಾಲ್ಡರಿಂಗ್ ಐರನ್ ತೆಗೆದು ಟ್ರಾನ್ಸಿಸ್ಟರು ಬದಲಿಸಲು ಕೂತೆ. ಅದಕ್ಕೆ ಹದ ಎಂಬುದೇ ಗೊತ್ತಿಲ್ಲ, ಪ್ಲಗ್ಗಿಗೆ ಹಾಕಿದರೆ ಕಾಯುತ್ತಲೇ ಹೋಗುತ್ತದೆ. ಸರ್ಕಿಟ್ ಹಲಗೆಯ ಮೇಲಿದ್ದ ತಾಮ್ರದ ಗೆರೆ ಬಿಸಿಗೆ ಹಪ್ಪಳದಂತೆ ಎದ್ದು ಬಂತು. ಇನ್ನು ಶಾಖ ಹಿಡಿತದಲ್ಲಿರುವ ಸಾಲ್ಡರಿಂಗ್ ಸ್ಟೇಷನ್ ಇಲ್ಲದೆ ಆ ಹಲಗೆಗೆ ಕೈ ಹಚ್ಚುವ ಹಾಗಿರಲಿಲ್ಲ. ಎರಡನೆಯ ಭಾನುವಾರ ಒಬ್ಬರು ಕೇಳಿದರು: "ಮೋರ್ ಕುಳಂಬು ಎಲ್ಲಿ?" ಇನ್ನೊಬ್ಬರು ಅಂದರು: "ಯಾವ್ದೋ ಮದುವೆಗೆ ಹೋಗಿರ್ಬೇಕು, ನಿಜವಾದ ಮೋರ್ ಕುಳಂಬು ತಿನ್ನೋಕೆ." ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾರಿಗೂ ಕೇಳಿಸದಿದ್ದರೂ.

ಗುರುವಾರ ರಿಚಿ ಬೀದಿಗೆ ಹೋದೆ. ಮೌಂಟ್ ರೋಡಿನ ಪಕ್ಕದ ಆ ಗಲ್ಲಿಗಳಲ್ಲಿ ಸಿಗದ ವಿದ್ಯುತ್ ಸಾಮಾನೇ ಇಲ್ಲ, ಜಾಗ ಮಾತ್ರ ಇಲ್ಲ. ನಾಲ್ಕು ಅಂಗಡಿಯಲ್ಲಿ ನನ್ನ ಮಾತು ಮುಗಿಯುವ ಮೊದಲೇ ಬೆಲೆ ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿದರು. ಐದನೆಯದರಲ್ಲಿ ಐವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು. ಹೆಸರು ಪೂಂಗೊಡಿ ಎಂದು ಆಮೇಲೆ ಗೊತ್ತಾಯಿತು. ಅವಳು ಬೆಲೆ ಹೇಳಲಿಲ್ಲ, ಪ್ರಶ್ನೆ ಕೇಳಿದಳು.

"ಏನ್ ಕೆಲ್ಸಕ್ಕೆ ಸಾರ್? ಮೊಬೈಲ್ ರಿಪೇರಿನಾ, ಹವ್ಯಾಸಕ್ಕಾ?"

"ಹವ್ಯಾಸಕ್ಕಮ್ಮಾ. ರೇಡಿಯೋ."

"ದಿನಾ ಕೂತ್ಕೋತೀರಾ, ವಾರಕ್ಕೊಂದ್ಸಲನಾ? ಕೈ ನಡುಗುತ್ತಾ?"

"ನಡುಗಲ್ಲ," ಎಂದೆ. ನಿಜ ಹೇಳಬೇಕೆಂದರೆ ಸ್ವಲ್ಪ ನಡುಗುತ್ತದೆ. ಆದರೆ ಅಷ್ಟು ಪ್ರಶ್ನೆಗಳನ್ನು ನನ್ನ ಬಗ್ಗೆ ಒಬ್ಬರು ಕೇಳಿ ಎಷ್ಟು ಕಾಲವಾಗಿತ್ತೋ.

ಅವಳು ಮೂರು ತೆಗೆದು ಮುಂದಿಟ್ಟಳು. ಮೊದಲನೆಯದು ಹಿಡಿಯಲ್ಲೇ ಶಾಖ ಹೆಚ್ಚುಕಡಿಮೆ ಮಾಡುವ ತಿರುಪಿರುವ ಐರನ್, ಐನೂರರ ಒಳಗೆ. "ಈ ತಿರುಪಿನ ಮೇಲಿರೋ ನಂಬರ್ ಎಲ್ಲ ಚೆಂದಕ್ಕೆ ಸಾರ್. ಮುನ್ನೂರೈವತ್ತು ಡಿಗ್ರಿ ಅಂತ ಇಟ್ರೆ ನಾನೂರೈವತ್ತೂ ಇರುತ್ತೆ." ಎರಡನೆಯದು ಪೆನ್ನಿನಂಥದ್ದು, ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿದರೆ ಎಂಟೇ ಸೆಕೆಂಡಿಗೆ ಕಾಯುತ್ತದೆ. ನೋಡಿ ನನ್ನ ಬಾಯಲ್ಲಿ ನೀರು ಬಂತು. ಆದರೆ ತುದಿಗೆ ಹಾಕುವ ಬಿಟ್ ಸವೆದರೆ ಹೊಸದಕ್ಕೆ ಎಂಟುನೂರು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು. ಮೂರನೆಯದು ನೀಲಿ ಪೆಟ್ಟಿಗೆ, ಮುಖದ ಮೇಲೆ ಕೆಂಪು ಅಂಕಿ, ಭಾರವಾದ ತಳ, ಮೆತ್ತಗಿನ ವೈರು. ಸಾವಿರದ ಒಂಬೈನೂರು.

"ಪೆಟ್ಟಿಗೆ ನೋಡಿ ಮರುಳಾಗ್ಬೇಡಿ ಸಾರ್, ಬಿಟ್ ಎಲ್ಲಿ ಸಿಗುತ್ತೆ ನೋಡಿ. ಇದ್ರ ಬಿಟ್ ಈ ಬೀದೀಲಿ ಟೀ ಅಂಗ್ಡೀಲೂ ಸಿಗುತ್ತೆ."

ಆಗಲೇ ನನ್ನ ಮನಸ್ಸು ಒಪ್ಪಿಬಿಟ್ಟಿತ್ತು. ದುಡ್ಡೂ ಜೇಬಿನಲ್ಲಿತ್ತು. ಕೊಂಡಿದ್ದರೆ ಶುಕ್ರವಾರವೇ ಕೆಲಸ ಮುಗಿಯುತ್ತಿತ್ತು. ಆದರೆ ಬಾಯಿಂದ ಬಂದದ್ದು ಬೇರೆ: "ಯೋಚ್ನೆ ಮಾಡಿ ನಾಳೆ ಬರ್ತೀನಮ್ಮಾ."

ಶುಕ್ರವಾರ ಹೋದೆ. ಶಾಖ ನಿಲ್ಲುತ್ತದೆಯೇ ಎಂದು ಅನುಮಾನ ಎತ್ತಿದೆ. ಅವಳು ನೀಲಿ ಪೆಟ್ಟಿಗೆ ಕಾಯಿಸಿ ದಪ್ಪ ತಾಮ್ರದ ತಗಡಿಗೆ ಬಿಟ್ ಒತ್ತಿ ಹಿಡಿದಳು. ಅಂಕಿ ಮುನ್ನೂರೈವತ್ತರಿಂದ ಮುನ್ನೂರಹತ್ತಕ್ಕೆ ಇಳಿದು, ನಾನು ಆರು ಎಣಿಸುವಷ್ಟರಲ್ಲಿ ಮೇಲೆ ಬಂತು. ಅರ್ತಿಂಗ್ ಸರಿಯಿದೆಯೇ ಎಂದೆ. ಟೆಸ್ಟರ್ ಹಚ್ಚಿ ತೋರಿಸಿದಳು. ಬಿಟ್ ಒರೆಸಲು ಒದ್ದೆ ಸ್ಪಂಜು ಒಳ್ಳೆಯದೋ ಹಿತ್ತಾಳೆ ನಾರು ಒಳ್ಳೆಯದೋ ಎಂದು ಕಾಲು ಗಂಟೆ ವಾದ ಮಾಡಿದೆವು. ಟೀ ತರಿಸಿದಳು. ಅವಳ ಗಂಡನಿಗೆ ಸಕ್ಕರೆ ಕಾಯಿಲೆ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಎಲ್ಲ ಕೇಳಿಕೊಂಡು, "ನಾಳೆ ಖಂಡಿತ," ಎಂದು ಎದ್ದೆ.

ಶನಿವಾರ ಸಂಜೆ ನನ್ನನ್ನು ಕಂಡದ್ದೇ ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಹೆಣ್ಣು ನೋಡೋಕ್ ಬಂದೋರೂ ಇಷ್ಟು ಅಳ್ದು ಸುರ್ದು ಮಾಡಲ್ಲ ಸಾರ್! ಒಂದ್ಸಲ ಬಂದು ಬಜ್ಜಿ ಸೊಜ್ಜಿ ತಿಂದು ಹೂಂ ಅಂತಾರೋ ಉಹೂಂ ಅಂತಾರೋ. ನೀವು ಮೂರ್ ದಿನದಿಂದ ಬಜ್ಜಿನೇ ತಿಂತಿದೀರ."

"ಬಾಳಿಕೆ ಬರ್ಬೇಕಲ್ಲಮ್ಮಾ."

"ಬರುತ್ತೆ, ಬರುತ್ತೆ. ಕೆಟ್ರೆ ತನ್ನಿ, ನಾನಿಲ್ವಾ? ಕೆಡ್ದಿದ್ರೂ ಬನ್ನಿ. ಸುಮ್ನೆ ಕೂತು ಹೋಗೋಕೆ ಸ್ಟೇಷನ್ ನೆಪ ಯಾಕೆ?"

ಕಳ್ಳ ಸಿಕ್ಕಿಬಿದ್ದಂತಾಯಿತು. ಚೌಕಾಸಿ ಕೂಡ ಮಾಡದೆ ದುಡ್ಡು ಕೊಟ್ಟು, ಪೆಟ್ಟಿಗೆ ಎದೆಗೊತ್ತಿಕೊಂಡು ಬಸ್ಸು ಹತ್ತಿದೆ.

ಮನೆ ಮುಟ್ಟುವ ಹೊತ್ತಿಗೆ ಬೆಳಕು ಹೋಗಿತ್ತು. ದೀಪದ ಬೆಳಕಿನಲ್ಲಿ ನನ್ನ ಕಣ್ಣಿಗೆ ಆ ಸಣ್ಣ ಗೆರೆಗಳು ಕಾಣುವುದಿಲ್ಲ. ಹೀಗಾಗಿ ಭಾನುವಾರ ಬೆಳಕು ಹರಿದ ಮೇಲೆ ಕಿಟಕಿ ಪಕ್ಕ ಕೂತೆ. ಪೂಂಗೊಡಿ ಸುಳ್ಳು ಹೇಳಿರಲಿಲ್ಲ. ಸೀಸ ಬೆಣ್ಣೆಯಂತೆ ಕರಗಿ ಎಲ್ಲಿ ಬೇಕೋ ಅಲ್ಲಿ ನಿಂತಿತು. ಎದ್ದು ಹೋಗಿದ್ದ ತಾಮ್ರದ ಗೆರೆಯ ಜಾಗದಲ್ಲಿ ಕೂದಲಿನಂಥ ತಂತಿ ಎಳೆದು ಕೂರಿಸುತ್ತಾ ಹೋದೆ. ಪಕ್ಕದಲ್ಲಿ ಕೇಳುವ ಪೆಟ್ಟಿಗೆ ಹಚ್ಚಿಟ್ಟಿದ್ದೆ. ಎಂಟಕ್ಕೆ ಹಾಜರಿ ಶುರುವಾಯಿತು. ನನ್ನದು ಒಂದೇ ಒಂದು ಬೆಸುಗೆ ಬಾಕಿ ಇತ್ತು. ಅಷ್ಟರಲ್ಲಿ ಗಿಂಡಿಯವರ ಧ್ವನಿ ಇಳಿಯಿತು.

"ಸ್ನೇಹಿತರೇ, ಒಂದು ದುಃಖದ ಸಮಾಚಾರ. ನಮ್ಮ ಎಂ.ಕೆ.ಎಸ್. ಸೈಲೆಂಟ್ ಕೀ ಆಗಿದಾರೆ."

ನಮ್ಮಲ್ಲಿ ಸತ್ತರು ಎನ್ನುವುದಿಲ್ಲ, ಸೈಲೆಂಟ್ ಕೀ ಆದರು ಎನ್ನುತ್ತೇವೆ. ಕೀ ಅಂದರೆ ಮೋರ್ಸ್ ಸಂದೇಶ ಕಳಿಸುವ ಗುಂಡಿ, ಅದನ್ನು ಬಡಿಯುವ ಬೆರಳು ನಿಂತಿತು ಎಂದರ್ಥ. ಐರನ್ನು ಕೈಯಲ್ಲಿ ಹಿಡಿದೇ ಬಾಯಿ ಬಿಟ್ಟುಕೊಂಡು ಕೇಳಿದೆ.

"ಯಾವಾಗ ಸಾರ್? ಹೇಗೆ ಗೊತ್ತಾಯ್ತು?" ಯಾರೋ ಕೇಳಿದರು.

ನಮ್ಮ ಗುಂಪಿನ ಪೆರಂಬೂರಿನವರೊಬ್ಬರು ಹೇಳಿದರು: "ನಾನೇ ನೋಡ್ದೆ. ಅಯನಾವರಂ ಮಾರ್ಕೆಟ್ ಗೋಡೆ ಮೇಲೆ ಕಣ್ಣೀರಂಜಲಿ ಅಂತ ತೀರಿಕೊಂಡೋರ ಪೋಸ್ಟರ್ ಹಾಕಿದಾರೆ. ಟೆಲಿಫೋನ್ ಎಕ್ಸ್‌ಚೇಂಜ್, ರಿಟೈರ್ಡ್ ಅಂತಿದೆ. ತಾನೂ ಅಲ್ಲೇ ಇದ್ದಿದ್ದು ಅಂತ ಎಂ.ಕೆ.ಎಸ್. ಒಂದ್ಸಲ ಹೇಳಿದ್ರು. ಹೆಸರು ಓದೋಕಾಗ್ಲಿಲ್ಲ, ಅದ್ರ ಮೇಲೆ ಸಿನಿಮಾ ಪೋಸ್ಟರ್ ಅಂಟಿಸ್ಬಿಟ್ಟಿದಾರೆ. ಮೂರ್ ವಾರದಿಂದ ಅವರೂ ಬಂದಿಲ್ಲ. ಲೆಕ್ಕ ಸರಿಹೋಯ್ತಲ್ಲ."

ಸರಿಹೋಯ್ತಂತೆ! ಆ ಪೋಸ್ಟರಿನಲ್ಲಿದ್ದವನು ನಮ್ಮ ಪಕ್ಕದ ಬೀದಿಯ ಟೆಲಿಫೋನ್ ಲೈನ್‌ಮನ್. ನನ್ನ ಮುಖ ಇವರು ನೋಡಿದ್ದರೆ ತಾನೇ ಗೊತ್ತಾಗುವುದು.

"ಒಂದು ನಿಮಿಷ ಮೌನ," ಎಂದರು ಗಿಂಡಿಯವರು.

ಇಲ್ಲೇ ನಾನು ಎಡವಿದ್ದು. ಹನ್ನೊಂದು ವರ್ಷದಲ್ಲಿ ಎಷ್ಟೋ ಜನ ಸೈಲೆಂಟ್ ಕೀ ಆಗಿದ್ದಾರೆ. ಪ್ರತಿ ಸಲವೂ, ಯಾರೂ ನೋಡದಿದ್ದರೂ, ಈ ಕೋಣೆಯಲ್ಲಿ ಎದ್ದು ನಿಂತಿದ್ದೇನೆ. ಕಾಲಿಗೆ ಅದೇ ಅಭ್ಯಾಸ. ಐರನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಲುಂಗಿ ಸರಿಮಾಡಿಕೊಂಡು, ತಲೆ ಬಗ್ಗಿಸಿ ನಿಂತುಬಿಟ್ಟೆ. ಪೆಟ್ಟಿಗೆಯಿಂದ ಬರೀ ಗಾಳಿಯ ಸದ್ದು. ಅರ್ಧ ನಿಮಿಷ ಕಳೆದ ಮೇಲೆ ನೆನಪಾಯಿತು, ಸತ್ತವನು ನಾನೇ. ಆದರೂ ನಡುವೆ ಕೂರಲು ಮನಸ್ಸಾಗಲಿಲ್ಲ. ಇಪ್ಪತ್ತು ಮೂವತ್ತು ಮನೆಗಳಲ್ಲಿ ಅಷ್ಟು ಜನ ಒಂದೇ ಹೊತ್ತಿಗೆ ನನ್ನನ್ನು ನೆನೆಯುತ್ತಿದ್ದಾರೆ ಎನಿಸಿ, ನಾಚಿಕೆ ಬಿಟ್ಟು ಹೇಳುತ್ತೇನೆ, ಹಿತವಾಯಿತು.

"ಇವತ್ತಿನ ಹಾಜರಿ ಅವರ ಗೌರವಕ್ಕೆ ಇಲ್ಲಿಗೇ ಮುಗಿಸೋಣ," ಎಂದರು ಗಿಂಡಿಯವರು.

ದಡಬಡಿಸಿ ಕೂತೆ. ಕೊನೆಯ ಬೆಸುಗೆ ಹಾಕಿ, ವೈರು ಸಿಕ್ಕಿಸಿ, ಮೈಕ್ ಒತ್ತಿದೆ. ಮೀಟರಿನ ಮುಳ್ಳು ಎದ್ದಿತು. ಧ್ವನಿ ಹೋಗುತ್ತಿದೆ! "ಎಂ.ಕೆ.ಎಸ್. ಹಾಜರ್! ನಾನಿದೀನಿ, ನಾನಿದೀನಿ!" ಎಂದು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಎಲ್ಲರೂ ಪೆಟ್ಟಿಗೆ ಆರಿಸಿ ದೋಸೆ ತಿನ್ನಲು ಹೋಗಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗುರುವಾರವೇ ಕೊಂಡು ತಂದಿದ್ದರೆ ನಾನು ಸಾಯುತ್ತಲೇ ಇರಲಿಲ್ಲ. ಒಂದು ಲೋಟ ಟೀ ಮತ್ತು ನಾಲ್ಕು ಮಾತಿನ ಆಸೆಗೆ ಬಿದ್ದು ಸತ್ತೆ. ಒಂಬತ್ತೂವರೆವರೆಗೆ ಖಾಲಿ ಗಾಳಿಯಲ್ಲಿ ಕೂಗಿ ಗಂಟಲು ಒಣಗಿ ನಿಲ್ಲಿಸಿದೆ.

ಮಧ್ಯಾಹ್ನ ಒಂದೂವರೆಗೆ ಉಂಡು ತಟ್ಟೆ ತೊಳೆಯುತ್ತಿದ್ದೆ. ಗೇಟಿನ ಸದ್ದಾಯಿತು. ಅರವತ್ತರ ಒಬ್ಬ ಮನುಷ್ಯ, ಬೆವರಿನಲ್ಲಿ ಮುಳುಗಿದ ಬಿಳಿ ಅಂಗಿ, ಕೈಯಲ್ಲಿ ಸಣ್ಣದೊಂದು ಹೂವಿನ ಹಾರದ ಪೊಟ್ಟಣ.

"ಮನೆಯವರು ಯಾರಾದ್ರೂ ಇದಾರಾ ಸಾರ್?"

ಆ ಧ್ವನಿ ಎಲ್ಲಿದ್ದರೂ ಗುರುತು ಸಿಗುತ್ತಿತ್ತು. ಗಿಂಡಿಯವರು. ನನ್ನ ಧ್ವನಿ ಮಾತ್ರ, ರೇಡಿಯೋದ ಗೊರಗೊರ ಇಲ್ಲದೆ, ಅವರಿಗೆ ಗೊತ್ತಾಗಲಿಲ್ಲ.

"ಇಲ್ಲಿ ನಾನೊಬ್ಬನೇ ಮನೆಯವನು," ಎಂದೆ. "ಬನ್ನಿ, ಕೂತ್ಕೊಳ್ಳಿ. ಮನೆ ಹೇಗೆ ಸಿಕ್ತು?"

"ಅಯನಾವರಂ, ಮಾರ್ಕೆಟ್ ಹತ್ರ ಅಂತ ಒಂದ್ಸಲ ಅವರು ಹೇಳಿದ್ದು ನೆನಪಿತ್ತು. ಹತ್ತು ಗಂಟೆಯಿಂದ ತಲೆ ಎತ್ಕೊಂಡು ತಾರಸಿ ತಾರಸಿ ನೋಡ್ತಾ ಬಂದೆ, ಆಂಟೆನಾ ತಂತಿ ಎಲ್ಲಿದೆ ಅಂತ. ಎರಡು ಕಡೆ ಬಟ್ಟೆ ಒಣಗಿಸೋ ಹಗ್ಗ ನೋಡಿ ಬಾಗಿಲು ತಟ್ಟಿ ಬೈಸ್ಕೊಂಡೆ."

ಆ ಬಿಸಿಲಲ್ಲಿ ಮೂರೂವರೆ ಗಂಟೆ. ನೀರು ಕೊಟ್ಟೆ, ಕುಡಿದರು.

"ನೀವು ಅವರ ತಮ್ಮನಾ, ಅಣ್ಣನಾ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಮುಂದುವರಿಸಿದರು. "ನನ್ನ ಹೆಸ್ರು ಇಗ್ನೇಷಿಯಸ್. ಹೇಳೋಕೇ ನಾಚಿಕೆ ಆಗುತ್ತೆ. ಇವತ್ತು ಅವರಿಗೆ ಶ್ರದ್ಧಾಂಜಲಿ ಹೇಳ್ಬೇಕಿತ್ತು. ಏನ್ ಹೇಳ್ಲಿ? ಹನ್ನೊಂದು ವರ್ಷ ಪ್ರತಿ ವಾರ ಮಾತಾಡಿದೀವಿ. ಸಿಗ್ನಲ್ ಎಷ್ಟು, ಸೆಕೆ ಎಷ್ಟು, ಅಷ್ಟೇ. ಹೆಸರು ಕೂಡ ಕೇಳಿಲ್ಲ. ಅದಕ್ಕೇ ಮೌನ ಅಂದು ತಪ್ಪಿಸ್ಕೊಂಡೆ. ಮನಸ್ಸು ತಡೀಲಿಲ್ಲ. ಹೆಸರಾದ್ರೂ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಇಗ್ನೇಷಿಯಸ್. ನನಗೂ ಅಂದೇ ಗೊತ್ತಾದದ್ದು. ನಾನಾದರೂ ಯಾವತ್ತು ಕೇಳಿದ್ದೆ?

"ತಿರುವೇಂಗಡಂ," ಎಂದೆ.

ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಒಂದೊಂದೇ ಅಕ್ಷರ ಬರೆದುಕೊಂಡರು. "ಒಳ್ಳೇ ಹೆಸ್ರು. ನಿಮ್ಮದು?"

"ನಂದೂ ಅದೇ."

ಪೆನ್ನು ನಿಂತಿತು. ತಲೆ ಎತ್ತಿ ನನ್ನ ಮುಖವನ್ನೇ ನೋಡಿದರು. ನಗುತ್ತಾರೆ ಅಂದುಕೊಂಡೆ, ಬೈಯುತ್ತಾರೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ಹಾರದ ಪೊಟ್ಟಣವನ್ನು ಕುರ್ಚಿಯ ಕೆಳಗೆ ತಳ್ಳಿ, ನನ್ನ ಎರಡೂ ಕೈ ಹಿಡಿದುಕೊಂಡರು. ನನಗೆ ಅಳು ಬಂತು, ತಡೆಯಲಿಲ್ಲ.

ಆಮೇಲೆ ಅವರು ಕೇಳಿದರು: "ಊಟ ಆಯ್ತಾ ತಿರುವೇಂಗಡಂ?"

ಉಂಡ ಕೈಯ ನೀರು ಇನ್ನೂ ಆರಿರಲಿಲ್ಲ.

"ಇನ್ನೂ ಇಲ್ಲ," ಎಂದೆ.