ಬೀಗರೂಟದಿಂದ ಎದ್ದುಹೋದ ಚಲುವಯ್ಯ

ಕಾರ್ತಿಕದಲ್ಲಿ ಚಲುವಯ್ಯನ ಕರುಳು ಹೊಟ್ಟೆಯೊಳಗೆ ತಿರುಚಿಕೊಂಡಿತು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ರಕ್ತ ಹರಿಯದೆ ಕೊಳೆತಿದ್ದ ಭಾಗವನ್ನು ಕತ್ತರಿಸಿ ತೆಗೆದರು. ಸಂಕ್ರಾಂತಿಗೆ ಮೊದಲು ಅವನು ತನ್ನೂರು ಶೀಳನೆರೆಗೆ ಮರಳಿದ. ಶಿವರಾತ್ರಿಯ ಹೊತ್ತಿಗೆ ಮಗಳು ಸಹನಳಿಗೆ ನಾಗಮಂಗಲದ ಕಡೆಯ ಸಂಬಂಧ ಗೊತ್ತಾಯಿತು. ಯುಗಾದಿಗೆ ಉಟ್ಟ ಹೊಸ ಪಂಚೆ ಸೊಂಟದಲ್ಲಿ ನಿಲ್ಲದಾಯಿತು. ವೈಶಾಖದಲ್ಲಿ ಮದುವೆ ನಡೆಯಿತು. ಅದರ ಮರುದಿನ ಗಂಡಿನ ಮನೆಯಲ್ಲಿ ಬೀಗರೂಟ.

ಆಪರೇಷನ್ ಆದ ಮೇಲೆ ಚಲುವಯ್ಯನಿಗೆ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಊಟ ಮುಗಿಯುವ ಮೊದಲೇ ಭೇದಿಗೆ ಓಡಬೇಕಿತ್ತು. ಅವನು ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವನು. ಕೊಪ್ಪರಿಗೆ ಉಕ್ಕುವ ಹೊತ್ತಿಗೇ ಹೊಟ್ಟೆ ಕಿವುಚಿದರೆ ಪಕ್ಕದ ಕಬ್ಬಿನ ಗದ್ದೆಗೆ ಇಳಿಯುತ್ತಿದ್ದ. ಹಾಗೊಂದು ದಿನ ಪಾಕ ಸೀದುಹೋಯಿತು. ಫೋನು ಬಂದಿತ್ತು ಎಂದು ಸುಳ್ಳು ಹೇಳಿದ. ಅಂದಿನಿಂದ ಕೆಲಸಕ್ಕೆ ಹೋಗುವ ಮುಂಚೆ ಉಣ್ಣುವುದನ್ನೇ ಬಿಟ್ಟ.

ಮೈಸೂರಿನ ಡಾಕ್ಟರು ತಪ್ಪದೆ ಮರಳಿ ಬರಬೇಕೆಂದಿದ್ದರು. ಅವನು ಹೋಗಲಿಲ್ಲ. ಆಗಿದ್ದು ಸಣ್ಣ ಅಪೆಂಡಿಕ್ಸ್ ಆಪರೇಷನ್ ಎಂದು ಊರಿನವರಿಗೆ ಹೇಳಿಯಾಗಿತ್ತು. ಪದೇ ಪದೇ ಆಸ್ಪತ್ರೆಗೆ ಅಲೆದರೆ ಸುದ್ದಿ ನಾಗಮಂಗಲದವರೆಗೂ ಹೋಗುತ್ತದೆ, ಹೆಣ್ಣಿನ ತಂದೆಗೆ ಏನೋ ರೋಗವಂತೆ ಎಂದು ಬೀಗರು ಹಿಂಜರಿಯುತ್ತಾರೆ ಎಂಬುದು ಅವನ ಭಯ. ಹೆಂಡತಿ ಮಾದಮ್ಮನ ಬಾಯನ್ನೂ ಕಟ್ಟಿಹಾಕಿದ್ದ.

ಮಾದಮ್ಮ ತನಗೆ ತಿಳಿದಂತೆ ಆರೈಕೆ ಮಾಡಿದಳು. ಬಾಯಾರಿಕೆ ಎಂದರೆ ಚೊಂಬು ತುಂಬ ನೀರು, ಸುಸ್ತು ಎಂದರೆ ಹೊಸ ಬೆಲ್ಲದ ಪಾನಕ. ಕುಡಿದಷ್ಟೂ ಭೇದಿ ಹೆಚ್ಚಿತು. ಭೇದಿ ಹೆಚ್ಚಿದಷ್ಟೂ ಬಾಯಾರಿತು. ಮೂತ್ರ ಕಡಿಮೆಯಾಗುತ್ತ ಬಂದದ್ದನ್ನು ಅವನು ಅವಳಿಗೂ ಹೇಳಲಿಲ್ಲ.

ಬೀಗರೂಟದ ದಿನ ಹೊಸಿಲು ದಾಟುತ್ತಲೇ ಬೀಗರಾದ ನಿಂಗರಾಜು ಬೆಲ್ಲ, ನೀರು ಮುಂದಿಟ್ಟರು. ಬೇಡ ಎನ್ನುವಂತಿಲ್ಲ. ಎಲೆಯ ಮೇಲೆ ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು ಬಂದವು. ನಿಂಗರಾಜು ತಾವೇ ಸೌಟು ಹಿಡಿದು ನಿಂತು, ಹೆಣ್ಣು ಕೊಟ್ಟವರು ಇಷ್ಟು ಸಣ್ಣಗಿದ್ದರೆ ನಾವು ಉಪವಾಸ ಕೆಡವಿದೆವು ಎಂದು ಜನ ನಗುತ್ತಾರೆ ಎನ್ನುತ್ತ ಬಡಿಸಿದರು. ಸಾಲೆಲ್ಲ ನಕ್ಕಿತು. ಚಲುವಯ್ಯ ಎರಡು ತುತ್ತು ನುಂಗಿದ. ಮೂರನೆಯದನ್ನು ಎಲೆಯಲ್ಲೇ ಬಿಟ್ಟು ಎದ್ದುಬಿಟ್ಟ.

ಬೀಗರ ಎಲೆಯನ್ನು ಅರ್ಧಕ್ಕೆ ಬಿಟ್ಟು ಏಳುವುದು ಮುಖಕ್ಕೆ ಹೊಡೆದಂತೆ. ನಗು ನಿಂತಿತು. ಯಾವುದರಲ್ಲಿ ಕೊರತೆಯಾಯಿತೆಂದು ಕೇಳಲು ನಿಂಗರಾಜು ಸಿಟ್ಟಿನಲ್ಲೇ ಹಿಂದೆ ಹೋದರು. ಹುಲ್ಲಿನ ಮೆದೆಯ ಮರೆಯಲ್ಲಿ ಚಲುವಯ್ಯ ಕುಕ್ಕರಿಸಿದ್ದ. ಪಂಚೆ ಕೆಟ್ಟಿತ್ತು. ಬೀಗರ ಕಾಲು ಕಂಡದ್ದೇ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

“ಈ ಕಡೀಕೆ ಬರಬ್ಯಾಡಿ ಬೀಗ್ರೇ, ನಿಮ್ಮ ದಮ್ಮಯ್ಯ,” ಎಂದ.

ನಿಂಗರಾಜು ಹೆಗಲ ಮೇಲಿನ ಟವೆಲನ್ನು ಅವನ ಮೇಲೆ ಹೊದಿಸಿ, ಒಳಗಿನಿಂದ ತಮ್ಮದೊಂದು ಪಂಚೆ ತಂದುಕೊಟ್ಟರು. ಉಟ್ಟು ಎದ್ದು ನಿಂತವನು ಕಣ್ಣು ಕತ್ತಲಿಟ್ಟು ಬಿದ್ದ.

ನಾಗಮಂಗಲದ ಆಸ್ಪತ್ರೆಯಲ್ಲಿ ಡಾಕ್ಟರ್ ಅಪರ್ಣ ಅವರು ಡ್ರಿಪ್ ಹಾಕಿಸಿದ ಮೇಲೆ, ಹಿಂದೆ ಯಾವುದಾದರೂ ಆಪರೇಷನ್ ಆಗಿತ್ತೇ ಎಂದು ಕೇಳಿದರು. ಮಂಚದ ಪಕ್ಕದಲ್ಲಿ ಮಾದಮ್ಮ, ಬಾಗಿಲ ಬಳಿ ನಿಂಗರಾಜು. ಚಲುವಯ್ಯ ಅಪೆಂಡಿಕ್ಸ್ ಎಂದ. ಡಾಕ್ಟರು ಅಂಗಿ ಸರಿಸಿದರು. ಎದೆಯ ಕೆಳಗಿನಿಂದ ಹೊಕ್ಕುಳು ದಾಟಿ ಉದ್ದಕ್ಕೆ ಹೊಲಿಗೆಯ ಗುರುತಿತ್ತು.

“ಅಪೆಂಡಿಕ್ಸಿಗೆ ಇಷ್ಟುದ್ದ ಕುಯ್ಯೋದಿಲ್ಲ,” ಎಂದರು. “ನಿಜ ಹೇಳಿ. ಕರುಳು ಎಷ್ಟು ತೆಗೆದಿದ್ದಾರೆ?”

ಅವನು ಗೋಡೆಯ ಕಡೆ ಹೊರಳಿದ. ಮಾದಮ್ಮನಿಗೆ ತಡೆಯಲಾಗಲಿಲ್ಲ.

“ಭಾಳಾನೇ ತೆಗ್ದವ್ರೆ ಕಣವ್ವ. ಮದ್ವೆ ಮುರುದೋದದು ಅಂತ ಯಾರ್ಗೂ ಯೋಳಕೆ ಬುಡ್ನಿಲ್ಲ.”

ನಿಂಗರಾಜು ಹತ್ತಿರ ಬಂದರು. “ಎಲೆ ಬುಟ್ಟು ಎದ್ದಿದ್ದು ಹೋಗ್ಲಿ ಬುಡಿ ಬೀಗ್ರೇ. ಕರುಳು ಕುಯ್ಸ್ಕಂಡವ್ರೆ ಅಂತ ಹೆಣ್ಣು ಬ್ಯಾಡ ಅನ್ನೋ ಜನ ಅಂತ ತಿಳ್ಕಂಡಿದ್ರಲ್ಲ ನಮ್ಮುನ್ನ.”

ಚಲುವಯ್ಯನಿಗೆ ಹುಲ್ಲಿನ ಮೆದೆಯ ಹಿಂದೆ ಆಗಿದ್ದಕ್ಕಿಂತ ಈಗ ಹೆಚ್ಚು ನಾಚಿಕೆಯಾಯಿತು.

ಡಾಕ್ಟರು ಬಿಡಿಸಿ ಹೇಳಿದರು. ಆಹಾರದ ಸತ್ವ, ನೀರು, ಉಪ್ಪು ರಕ್ತಕ್ಕೆ ಸೇರುವುದು ಮುಖ್ಯವಾಗಿ ಸಣ್ಣ ಕರುಳಿನಲ್ಲಿ. ಅದರ ಹೆಚ್ಚಿನ ಭಾಗ ಹೋದರೆ, ಉಳಿದದ್ದಕ್ಕೆ ಅಷ್ಟನ್ನೂ ಹೀರುವ ಶಕ್ತಿ ಇರುವುದಿಲ್ಲ. ಇದಕ್ಕೆ ಶಾರ್ಟ್ ಬವೆಲ್ ಸಿಂಡ್ರೋಮ್ ಎನ್ನುತ್ತಾರೆ. ಇದು ಅಂಟುರೋಗವಲ್ಲ, ವಂಶದಿಂದ ಚಲುವಯ್ಯನಿಗೆ ಬಂದದ್ದೂ ಅಲ್ಲ. ಬರೀ ನೀರನ್ನು ಒಮ್ಮೆಗೇ ಕುಡಿದರೆ ಅದು ಮೈಯ ಉಪ್ಪನ್ನು ಸೆಳೆದುಕೊಂಡು ಹೊರಹೋಗುತ್ತದೆ. ಪಾನಕ, ಕಬ್ಬಿನ ಹಾಲು, ಬಾಟಲಿ ಜ್ಯೂಸಿನ ಸಿಹಿಯಂತೂ ಕರುಳಿಗೆ ಇನ್ನಷ್ಟು ನೀರು ಎಳೆಯುತ್ತದೆ. ಹೀಗೆ ಒಣಗಿದ ಮೈಯಲ್ಲಿ ಮೂತ್ರಪಿಂಡ ಸೊರಗಿದೆ.

“ಮಂಡ್ಯ ಜಿಲ್ಲೇಲಿ ನಿಂತ್ಕಂಡು ಬೆಲ್ಲ ಬ್ಯಾಡ ಅಂತೀರಲ್ಲ ಮೇಡಂ. ಸುಸ್ತಾದೋರು ಇನ್ನೇನು ಕುಡೀಬೇಕು?” ನಿಂಗರಾಜುವಿಗೆ ನಂಬಿಕೆ ಬರಲಿಲ್ಲ.

“ನಿಮಗೆ ಬೆಲ್ಲ ಬೇಡ ಅಂದ್ನಾ? ಇವರಿಗೆ ಓಆರ್‌ಎಸ್ ನೀರು, ಉಪ್ಪು-ಸಕ್ಕರೆ ಸರಿಯಾದ ಅಳತೇಲಿ ಬೆರೆತದ್ದು. ಅದೂ ಗುಟುಕು ಗುಟುಕಾಗಿ.”

“ನಾನೇ ಕೈಯಾರ ಕುಡುಸ್ದೆನಲ್ಲಾ,” ಎಂದು ಮಾದಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಡಾಕ್ಟರು ಅವಳ ಭುಜ ಮುಟ್ಟಿ, ತಿಳಿದವರನ್ನು ನೀವಿಬ್ಬರೂ ಕೇಳಲಿಲ್ಲ, ಅಷ್ಟೇ ತಪ್ಪು ಎಂದರು.

ಮೈಸೂರಿಗೆ ಕರೆದೊಯ್ದದ್ದು ನಿಂಗರಾಜುವೇ. ಅಲ್ಲಿ ಹಳೆಯ ಆಪರೇಷನ್ನಿನ ವಿವರ ತೆಗೆಸಿದಾಗ, ಉಳಿದಿರುವ ಸಣ್ಣ ಕರುಳು ಒಂದಾಳುದ್ದಕ್ಕಿಂತಲೂ ಕಡಿಮೆ ಎಂದು ತಿಳಿಯಿತು. ರಕ್ತ, ಮೂತ್ರ ಪರೀಕ್ಷಿಸಿ ಔಷಧ ಗೊತ್ತುಮಾಡಿದರು. ಭೇದಿ ತಗ್ಗಿಸುವ ಮಾತ್ರೆ ಊಟಕ್ಕೆ ಮುಂಚೆ. ಊಟ ಸ್ವಲ್ಪ ಸ್ವಲ್ಪವಾಗಿ ಹಲವು ಸಲ, ಚೆನ್ನಾಗಿ ಅಗಿದು. ಊಟದ ಜೊತೆ ಹೆಚ್ಚು ನೀರು ಕುಡಿಯುವಂತಿಲ್ಲ. ಕರುಳಿನ ಕೊನೆಯ ಭಾಗ ಹೋಗಿರುವುದರಿಂದ ಬಿ-12 ಚುಚ್ಚುಮದ್ದು ಬದುಕಿರುವವರೆಗೆ. ಇಷ್ಟರಿಂದ ಚೇತರಿಸಿಕೊಳ್ಳದವರಿಗೆ ರಕ್ತನಾಳದ ಮೂಲಕವೇ ಪೋಷಣೆ ಕೊಡುವುದುಂಟು. ಚಲುವಯ್ಯನಿಗೆ ಅದು ಬೇಕಾಗಲಿಲ್ಲ.

ಆಷಾಢಕ್ಕೆ ತವರಿಗೆ ಬಂದ ಸಹನ ಅಪ್ಪನ ಓಆರ್‌ಎಸ್ ಬಾಟಲಿ ತುಂಬುತ್ತ, ಇದನ್ನೂ ಮುಚ್ಚಿಟ್ಟು ಕುಡಿಯುತ್ತೀಯಾ ಎಂದು ಕೇಳಿದಳು. ಮರುದಿನ ಅವನು ಆ ಬಾಟಲಿಯನ್ನು ಆಲೆಮನೆಗೆ ಒಯ್ದು ಎಲ್ಲರಿಗೂ ಕಾಣುವಂತೆ ಒಲೆಯ ಪಕ್ಕದಲ್ಲೇ ಇಟ್ಟ. ಕೇಳಿದವರಿಗೆಲ್ಲ ಇದ್ದದ್ದನ್ನು ಹೇಳಿದ.

ಓದುಗರೇ, ನಿಮ್ಮ ಮನೆಯಲ್ಲಿ ಕರುಳಿನ ಶಸ್ತ್ರಚಿಕಿತ್ಸೆಯಾದವರಿದ್ದು, ಅವರಿಗೆ ಭೇದಿ ನಿಲ್ಲದಿದ್ದರೆ, ತೂಕ ಇಳಿಯುತ್ತಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಆಪರೇಷನ್ ಆಗಿದೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ನೀರು, ಉಪ್ಪು, ಮಾತ್ರೆಗಳ ಪ್ರಮಾಣವನ್ನು ಅವರೇ ಗೊತ್ತುಮಾಡಲಿ.

ದಸರೆಯ ನಂತರ ನಡೆದ ಪರೀಕ್ಷೆಯಲ್ಲಿ ಚಲುವಯ್ಯನ ತೂಕ ಏರಿತ್ತು, ಮೈಯ ಉಪ್ಪಿನಂಶ ಸರಿಯಾಗಿತ್ತು. ಮೂತ್ರಪಿಂಡದ ಶಕ್ತಿ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ.