ಎಡಕ್ಕೆ ಸರಿದ ಗೆರೆ

ತಡೆಯಿರಿ, ಅರ್ಧಕ್ಕೆ ಎದ್ದು ಹೋಗಬೇಡಿ, ಇದನ್ನು ಪೂರ್ತಿ ಕೇಳಿ. ಚಿಟಿಕೆ ಪುಡಿ ಕಡಿಮೆ ಬಿದ್ದದ್ದಕ್ಕೆ ಒಬ್ಬನ ಕಣ್ಣು ಹೋಯಿತು ಎಂದರೆ ಯಾರಾದರೂ ನಕ್ಕುಬಿಡುತ್ತಾರೆ. ಆದರೆ ಆದದ್ದು ಅದೇ.

ಆ ಸಂಶೋಧನಾಲಯದಲ್ಲಿ ಎಕ್ಸ್‌ರೇ ಯಂತ್ರ ನಡೆಸುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ತಲೆ ನರೆತ ಮೇಷ್ಟ್ರು ಕೂಡ. ನಿಜವಾಗಿ ಅವಳು ಅಕ್ಕನಾಗಿದ್ದದ್ದು ಒಬ್ಬನಿಗೇ, ಮೇಲಿನ ಮಹಡಿಯಲ್ಲಿ ಪಿಎಚ್‌ಡಿಗೆಂದು ಐದು ವರ್ಷದಿಂದ ಕುಲುಮೆಯ ಮುಂದೆ ಕೂತಿದ್ದ ಒಡಹುಟ್ಟಿದ ತಮ್ಮನಿಗೆ. ಲ್ಯಾಬಿನವರು ಅವನಿಗೆ ಇಟ್ಟ ಹೆಸರು ಭಗ್ಗಣ್ಣ. ಅವನ ಕೆಲಸವೇ ಹಾಗೆ. ಸತುವಿನ ನೈಟ್ರೇಟನ್ನು ಯೂರಿಯಾ ಜೊತೆ ನೀರಲ್ಲಿ ಕರಗಿಸಿ, ಬಟ್ಟಲಿಗೆ ಹಾಕಿ, ಕಾದ ಕುಲುಮೆಯೊಳಗೆ ತಳ್ಳುತ್ತಿದ್ದ. ಮೊದಲು ಕುದಿ, ಆಮೇಲೆ ನೊರೆ, ಆಮೇಲೆ ಒಮ್ಮೆಲೇ ಭಗ್! ಬೆಂಕಿ ಆರಿದ ಮೇಲೆ ಬಟ್ಟಲಲ್ಲಿ ಉಳಿಯುವ ಹತ್ತಿಯಂಥ ಹಗುರ ಪುಡಿಯೇ ಸತುವಿನ ಆಕ್ಸೈಡ್. ಅದರ ಒಂದೊಂದು ಕಣವೂ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕದು.

ಅದಕ್ಕೆ ತಮ್ಮ ಲ್ಯಾಂಥನಮ್ ಎಂಬ ಇನ್ನೊಂದು ಲೋಹವನ್ನು ಬೆರೆಸುತ್ತಿದ್ದ. ದಪ್ಪ ಪರಮಾಣು ಅದು. ಸತುವಿನ ಜಾಗದಲ್ಲಿ ಹೋಗಿ ಕೂತರೆ, ತುಂಬಿದ ಬೆಂಚಿನಲ್ಲಿ ಡೊಳ್ಳು ಹೊಟ್ಟೆಯ ಆಸಾಮಿ ಕೂತ ಹಾಗೆ, ಅಕ್ಕಪಕ್ಕದವರೆಲ್ಲ ಸರಿಯಬೇಕು. ಸರಿದದ್ದು ಎಕ್ಸ್‌ರೇ ಗ್ರಾಫಿನಲ್ಲಿ ಕಾಣುತ್ತದೆ, ಗೆರೆಗಳು ಎಡಕ್ಕೆ ಜರುಗುತ್ತವೆ. ಅಷ್ಟೊಂದು ಲ್ಯಾಂಥನಮ್ ಒಳಗೆ ಹೋಗುವುದೇ ಇಲ್ಲ ಎನ್ನುತ್ತಿದ್ದರು ಬಲ್ಲವರು. ತಮ್ಮನ ನಾಲ್ಕು ಪುಡಿಗಳಲ್ಲೂ ಗೆರೆ ಜರುಗಿತ್ತು. ಹೆಚ್ಚು ಬೆರೆಸಿದಷ್ಟೂ ಹೆಚ್ಚು ಜರುಗಿತ್ತು. ಗ್ರಾಫ್ ತೆಗೆದವಳು ಅಕ್ಕ. ಮೇಷ್ಟ್ರು ಕುಣಿದಾಡಿದರು. ಪೇಪರ್ ಅಚ್ಚಾಯಿತು.

ಒಪ್ಪದವನು ಒಬ್ಬನೇ, ಪಕ್ಕದ ಮೇಜಿನವನು, ತಮ್ಮನ ವಾರಗೆಯವನು. ಎಲ್ಲದಕ್ಕೂ ಕೊಕ್ಕೆ ಹಾಕುತ್ತಿದ್ದುದರಿಂದ ಅವನ ಹೆಸರೇ ಕೊಕ್ಕೆ. ಅಂಥದ್ದೇ ಪುಡಿಯನ್ನು ತಾನೂ ಮೂರು ಸಲ ಸುಟ್ಟು ಮಾಡಿ, ಬೇರೊಂದು ಕಡೆ ಅಳೆಸಿಕೊಂಡು ಬಂದ. ಗೆರೆ ಇದ್ದಲ್ಲೇ ಇತ್ತು, ಕದಲಿರಲಿಲ್ಲ.

ಸೋಮವಾರ ಬೆಳಿಗ್ಗೆ ಆ ಕಾಗದವನ್ನು ತಮ್ಮನ ಮೂಗಿನ ಮುಂದೆ ಹಿಡಿದ.

"ಭಗ್ಗಣ್ಣ, ನಿನ್ ಗೆರೆಗೆ ಕಾಲು ಬಂದು ತಾನೇ ನಡೀತೋ, ಇಲ್ಲ ನೀನೇ ಕೈ ಹಿಡಿದು ನಡೆಸಿದ್ಯೋ?"

"ಏನಂದೆ?"

"ಕಿವಿ ಕೇಳಿಸಲ್ವಾ? ಅಕ್ಕನ ಮಷೀನು, ತಮ್ಮನ ಪುಡಿ. ಮನೆಯವರೇ ಕೂತು ಬೇಕಾದ ಹಾಗೆ ಗ್ರಾಫ್ ಬರ್ಕೊಂಡ್ರಿ ಅಂದೆ."

ತಮ್ಮನ ಕೈಯಲ್ಲಿ ಇಕ್ಕಳವಿತ್ತು, ಮೊಳದುದ್ದದ್ದು, ಆಗಷ್ಟೇ ಕುಲುಮೆಯಿಂದ ಬಟ್ಟಲು ತೆಗೆದದ್ದು. ತುದಿ ಇನ್ನೂ ಕಾದಿತ್ತು. ಬೀಸಿದ. ಕೊಕ್ಕೆಯ ಕನ್ನಡಕ ಪುಡಿಯಾಗಿ ಗಾಜು ಎಡಗಣ್ಣಿಗೆ ಹೊಕ್ಕಿತು. ಅವನು ಮುಖ ಮುಚ್ಚಿಕೊಂಡು ಬಗ್ಗಿದಾಗ ಎರಡನೇ ಏಟು ಹೆಗಲಿಗೆ, ಮೂರನೆಯದು ಕತ್ತಿಗೆ. ಕತ್ತಿನ ಚರ್ಮ ಚುರ್ ಎಂದಿತು. ಕೂಗು ಕೇಳಿ ಅಕ್ಕ ಮೆಟ್ಟಿಲೇರಿ ಓಡಿ ಬರುವಷ್ಟರಲ್ಲಿ ಮೂವರು ಸೇರಿ ತಮ್ಮನನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಬಿಳಿ ನೆಲದ ಮೇಲೆ ರಕ್ತ, ರಕ್ತದೊಳಗೆ ಗಾಜು. ಕೊಕ್ಕೆ ಒಂದೇ ಮಾತು ಕಿರುಚುತ್ತಿದ್ದ, "ಕಾಣ್ತಿಲ್ಲ, ಕಾಣ್ತಿಲ್ಲ!"

ಶುಕ್ರವಾರ ಮೂರು ಗಂಟೆಗೆ ವಿಚಾರಣೆ ಎಂದಾಯಿತು. ಸಮಿತಿಯ ಅಧ್ಯಕ್ಷೆ ಅಕ್ಕನನ್ನು ಕರೆದು ಬಿಡಿಸಿ ಹೇಳಿದರು. ಗ್ರಾಫ್ ನಿಜವಾದರೆ, ಸುಳ್ಳು ಆರೋಪ ಕೇಳಿ ಹುಡುಗ ರೇಗಿದ ಎಂದಾಗುತ್ತದೆ, ಆರು ತಿಂಗಳು ಹೊರಗಿಟ್ಟು ಮುಗಿಸಬಹುದು. ಗ್ರಾಫ್ ಸುಳ್ಳಾದರೆ ಡಿಗ್ರಿ ಹೋಯಿತು, ಫೈಲು ನೇರ ಪೊಲೀಸರಿಗೆ. "ನೀವೇ ಬಂದು ಹೇಳಬೇಕು," ಎಂದರು.

ಗುರುವಾರ ಕೊಕ್ಕೆ ಬಂದ. ಕಣ್ಣಿಗೆ ಪಟ್ಟಿ, ಕತ್ತಿಗೆ ಪಟ್ಟಿ. ಎಕ್ಸ್‌ರೇ ಕೋಣೆಯ ಬಾಗಿಲು ತಡವಿಕೊಂಡೇ ಒಳಗೆ ಕಾಲಿಟ್ಟ.

"ಕೂತ್ಕೊಳಪ್ಪಾ," ಎಂದಳು ಅಕ್ಕ.

"ಕೂರೋಕೆ ಬಂದಿಲ್ಲ ಅಕ್ಕಾ. ಅವನು ಜೈಲಿಗೆ ಹೋಗ್ಲಿ ಅಂತಾನೂ ಬಂದಿಲ್ಲ. ಆ ನಾಲ್ಕು ಸೀಸೆ ಇನ್ನೂ ನಿಮ್ಮ ಹತ್ರಾನೇ ಇದಾವಲ್ಲ? ಸಿಲಿಕಾನ್ ಬೆರೆಸಿ ಇನ್ನೊಂದ್ ಸಲ ಹಾಕಿ. ಕಣ್ಣಂತೂ ಹೋಯ್ತು. ಸುಳ್ಳ ಅನ್ನಿಸ್ಕೊಂಡು ಉಳಿದದ್ದೂ ಹೋಗೋದು ಬೇಡ."

ಸಿಲಿಕಾನಿನ ಗೆರೆ ಎಲ್ಲಿರಬೇಕೆಂಬುದು ಜಗತ್ತಿಗೇ ಗೊತ್ತು. ಅದರೊಳಗೆ ಯಾವ ಲ್ಯಾಂಥನಮೂ ಹೋಗಿ ಕೂತಿರುವುದಿಲ್ಲ. ಅದೂ ಸರಿದರೆ ದೋಷ ಪುಡಿಯದ್ದಲ್ಲ, ಪುಡಿ ಕೂರಿಸಿದ ಕೈಯದ್ದು. ಅಕ್ಕ ಹೂಂ ಎಂದಳು. ತಮ್ಮ ಮೋಸ ಮಾಡುವವನಲ್ಲ ಎಂಬ ಧೈರ್ಯ ಅವಳದು.

ಶುಕ್ರವಾರ ಬೆಳಿಗ್ಗೆ ಬಂದವಳೇ ಕೊನೆಯ ಸೀಸೆ ತೆಗೆದಳು, ಅತಿ ಹೆಚ್ಚು ಬೆರೆಸಿದ್ದು. ತಳದಲ್ಲಿ ಇಷ್ಟೇ ಇಷ್ಟು. ಯಂತ್ರದೊಳಗೆ ಪುಡಿ ಇಡುವ ಹೋಲ್ಡರಿನ ಗುಳಿಗೆ ಸುರಿದು, ಗಾಜಿನ ಪಟ್ಟಿಯಿಂದ ಒತ್ತಿದಳು. ಪುಡಿ ಅಂಚಿನ ಮಟ್ಟಕ್ಕೆ ಬರಲಿಲ್ಲ, ಉಗುರಿನ ದಪ್ಪದಷ್ಟು ಕೆಳಗೇ ಉಳಿಯಿತು. ಆಗ ಮೊದಲ ಸಲ ಗ್ರಾಫ್ ತೆಗೆದ ದಿನ ನೆನಪಾಯಿತು. ಅವತ್ತೂ ಹೀಗೇ ಇತ್ತು! ಬೇರೆಯವರು ಇಷ್ಟು ಕಡಿಮೆ ತಂದಿದ್ದರೆ "ಮೂಗಿಗೆ ಹಾಕೋಕೂ ಸಾಲಲ್ಲ, ಇನ್ನಷ್ಟು ಮಾಡ್ಕೊಂಡ್ ಬಾ ಹೋಗು" ಎಂದು ಅಟ್ಟುತ್ತಿದ್ದಳು. ತಮ್ಮ ಎರಡು ದಿನ ನಿದ್ದೆಗೆಟ್ಟಿದ್ದಾನಲ್ಲ ಎಂದು, ಅವನದ್ದನ್ನು ಇದ್ದಷ್ಟರಲ್ಲೇ ಕೂರಿಸಿದ್ದಳು. ಪುಡಿ ಕೆಳಗೆ ಕೂತರೆ ಗೆರೆ ತಾನಾಗಿಯೇ ಎಡಕ್ಕೆ ಹೋಗುತ್ತದೆ. ಯಂತ್ರ ಕಲಿಯುವ ಮೊದಲ ವಾರದ ಪಾಠ ಅದು.

ಹೆಚ್ಚು ಬೆರೆಸಿದಷ್ಟೂ ಹೆಚ್ಚು ಸರಿದದ್ದು ಯಾಕೆ ಎಂಬುದೂ ಹೊಳೆಯಿತು. ಲ್ಯಾಂಥನಮ್ ಹೆಚ್ಚಾದಂತೆ ಕುಲುಮೆಯ ಬೆಂಕಿ ಇನ್ನಷ್ಟು ರೋಷದಿಂದ ಎದ್ದು ಪುಡಿಯನ್ನೇ ಬಟ್ಟಲಿಂದಾಚೆ ಹಾರಿಸುತ್ತಿತ್ತು. ಉಳಿಯುತ್ತಿದ್ದದ್ದು ಕಡಿಮೆ, ಕಡಿಮೆಯಾದಷ್ಟೂ ಗುಳಿಯಲ್ಲಿ ಆಳ. ಮೂರು ಕಾಸಿನ ತಪ್ಪು ಮೆಟ್ಟಿಲು ಮೆಟ್ಟಿಲಾಗಿ ಏರಿ ದೊಡ್ಡ ಆವಿಷ್ಕಾರದ ವೇಷ ಹಾಕಿತ್ತು.

ಸಿಲಿಕಾನ್ ಬೆರೆಸಿ ಅಷ್ಟೇ ಆಳದಲ್ಲಿ ಕೂರಿಸಿ ಯಂತ್ರ ಬಿಟ್ಟಳು. ಸಿಲಿಕಾನಿನ ಗೆರೆಯೂ ಎಡಕ್ಕೆ ಸರಿಯಿತು, ಅಷ್ಟೇ ದೂರ. ಅದೇ ಪುಡಿಯನ್ನು ಆಳವಿಲ್ಲದ ಇನ್ನೊಂದು ಹೋಲ್ಡರಿಗೆ ಅಂಚಿನವರೆಗೆ ತುಂಬಿ ಮತ್ತೆ ಬಿಟ್ಟಳು. ಎರಡೂ ಗೆರೆ ಸಾಧು ಹಸುವಿನ ಹಾಗೆ ತಂತಮ್ಮ ಜಾಗಕ್ಕೆ ಬರತೊಡಗಿದವು.

ಅಷ್ಟರಲ್ಲಿ ತಮ್ಮ ಬಂದ. ಪರದೆ ನೋಡಿದ. ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ನಾನು ಸುಳ್ಳು ಮಾಡಿಲ್ಲ ಅಕ್ಕಾ!"

"ಗೊತ್ತು ಕಣೋ. ತಪ್ಪು ನಂದು. ಅದನ್ನೇ ಹೇಳ್ತೀನಿ."

"ನಿಂಗೇನ್ ತಲೆ ಕೆಟ್ಟಿದ್ಯಾ? ಹೇಳಿದ್ರೆ ನನ್ ಕಥೆ ಮುಗೀತು. ಸುಮ್ನಿದ್ದುಬಿಡು. ಯಾರು ಕೇಳ್ತಾರೆ?"

"ಅವನ ಕಣ್ಣು ಕೇಳುತ್ತಲ್ಲೋ."

"ಅವನು ನಿನ್ ತಮ್ಮಾನೋ, ನಾನೋ?"

ಅವನು ಯಂತ್ರದ ಬಾಗಿಲಿಗೆ ಕೈ ಹಾಕಿದ. ಬಾಗಿಲು ತೆರೆದರೆ ಎಕ್ಸ್‌ರೇ ತಾನೇ ನಿಲ್ಲುತ್ತದೆ, ಗ್ರಾಫ್ ಅರ್ಧಕ್ಕೆ ಸಾಯುತ್ತದೆ. ಅಕ್ಕ ಅಡ್ಡ ನಿಂತಳು. ಅವನು ತಳ್ಳಿದ, ಅವಳು ಅವನ ಕೆನ್ನೆಗೆ ಬಾರಿಸಿದಳು, ಅವನು ಅವಳ ಕತ್ತು ಹಿಡಿದ. ಬೆರಳು ಇಳಿದವು. ಅವಳು ಉಸಿರಿಲ್ಲದೆ ಅವನ ಮಣಿಕಟ್ಟು ಕಚ್ಚಿದಳು, ಹಲ್ಲಿಗೆ ರಕ್ತ ಸಿಗುವವರೆಗೂ ಬಿಡಲಿಲ್ಲ. ಅವನು ಅವಳ ತಲೆಯನ್ನು ಯಂತ್ರದ ದಪ್ಪ ಗಾಜಿಗೆ ಗುದ್ದಿದ, ಒಮ್ಮೆ, ಇನ್ನೊಮ್ಮೆ. ಗಾಜು ಒಡೆಯಲಿಲ್ಲ, ಹಣೆ ಒಡೆಯಿತು. ರಕ್ತ ಹುಬ್ಬು ದಾಟಿ ಕಣ್ಣಿಗಿಳಿದಾಗ ಅವನು ಕೈ ಬಿಟ್ಟ. ತನ್ನ ಕೈಯನ್ನೇ ಬೇರೆಯವರ ಕೈ ಎಂಬಂತೆ ನೋಡಿಕೊಂಡ. ಆಮೇಲೆ ಮೇಜಿನ ಮೇಲಿದ್ದ ನಾಲ್ಕೂ ಸೀಸೆಗಳನ್ನು ಗೋಡೆಗೆ ಎಸೆದು ಒಡೆದ. ಐದು ವರ್ಷದ ದುಡಿಮೆ ಬಿಳಿ ಹೊಗೆಯಂತೆ ಕೋಣೆ ತುಂಬಿತು.

"ಇದನ್ನೂ ಹೇಳ್ಬಿಡು," ಎಂದು ಅಳುತ್ತಾ ಹೋದ. "ತಮ್ಮ ನನ್ನೇ ಹೊಡೆದ ಅಂತ ಹೇಳಿ ನನ್ನ ಪೂರ್ತಿ ಹೂತುಬಿಡು."

ಯಂತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು. ಗ್ರಾಫ್ ಮುಗಿಯಿತು. ಅಕ್ಕ ಅದನ್ನು ಕಾಗದಕ್ಕೆ ಇಳಿಸಿಕೊಂಡು, ಹಣೆಗೆ ಕರವಸ್ತ್ರ ಒತ್ತಿ ಹಿಡಿದು, ಮೂರು ಗಂಟೆಗೆ ಸಮಿತಿಯ ಕೋಣೆಗೆ ಹೋದಳು.

ಗ್ರಾಫಿನ ವಿಷಯ ಒಂದಕ್ಷರ ಮುಚ್ಚಿಡಲಿಲ್ಲ. ಪುಡಿ ಕೆಳಗಿತ್ತು, ಕೂರಿಸಿದವಳು ನಾನು, ವಾಪಸ್ ಕಳಿಸಬೇಕಿತ್ತು, ತಮ್ಮ ಎಂದು ಬಿಟ್ಟೆ, ಅವನಿಗೂ ಗೊತ್ತಿರಲಿಲ್ಲ, ಗೆರೆ ಕದಲಿಲ್ಲ ಎಂದು ಕೊಕ್ಕೆ ಹೇಳಿದ್ದೇ ಸರಿ. ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. ಅಧ್ಯಕ್ಷೆ ಬರೆದುಕೊಂಡರು. ಮೋಸವಲ್ಲ, ತಪ್ಪು. ತಮ್ಮನ ಮುಖಕ್ಕೆ ಚೂರು ಬಣ್ಣ ಬಂತು.

"ಹಾಗಾದ್ರೆ ಉಳಿದದ್ದು ಹೊಡೆದ ವಿಷಯ ಮಾತ್ರ," ಎಂದರು ಅಧ್ಯಕ್ಷೆ. "ಇದೇ ಮೊದಲ ಸಲ ಕೈ ಮಾಡಿದ್ದು, ಇನ್ನು ಮಾಡೋನಲ್ಲ ಅಂತಾದ್ರೆ ಒಂದು ವರ್ಷ ಹೊರಗಿಟ್ಟು ನೋಡಬಹುದು. ಅಂದ ಹಾಗೆ, ನಿಮ್ಮ ಹಣೆಗೆ ಏನಾಯ್ತಮ್ಮ?"

ತಮ್ಮ ಮಣಿಕಟ್ಟನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ.

"ಮಷೀನಿನ ಬಾಗಿಲು ತಗುಲಿತು," ಎಂದಳು ಅಕ್ಕ.

ಎದುರಿನ ಕುರ್ಚಿಯಿಂದ ಕೊಕ್ಕೆ ಉಳಿದ ಒಂದು ಕಣ್ಣಲ್ಲಿ ಅವಳ ಕತ್ತನ್ನೇ ನೋಡುತ್ತಿದ್ದ. ಅಲ್ಲಿ ಐದು ಬೆರಳು ನೀಲಿಗಟ್ಟಿದ್ದವು.

"ಬಾಗಿಲಿಗೆ ಬೆರಳೂ ಇರ್ತಾವಾ ಅಕ್ಕಾ?" ಎಂದ ಮೆಲ್ಲಗೆ.

ಅಧ್ಯಕ್ಷೆ ಪೆನ್ನು ಕೆಳಗಿಟ್ಟು ಅದೇ ಪ್ರಶ್ನೆ ಮತ್ತೆ ಕೇಳಿದರು. ಅಕ್ಕ ಕೊಕ್ಕೆಯ ಪಟ್ಟಿ ನೋಡಿದಳು, ತಮ್ಮನ ಬಗ್ಗಿದ ತಲೆ ನೋಡಿದಳು.

"ಬಾಗಿಲೇ," ಎಂದಳು.

ತಮ್ಮನನ್ನು ಒಂದು ವರ್ಷ ಹೊರಗಿಟ್ಟರು, ವಿಷಯ ಪೊಲೀಸರವರೆಗೆ ಹೋಗಲಿಲ್ಲ. ಅಕ್ಕನ ಕೈಯಿಂದ ಯಂತ್ರದ ಕೀಲಿ ಕಿತ್ತುಕೊಂಡರು. ಅಂದಿನಿಂದ ಕೊಕ್ಕೆ ಮೆಟ್ಟಿಲಲ್ಲಿ ಎದುರಾದರೂ ಅವಳನ್ನು ಅಕ್ಕ ಎನ್ನುವುದಿಲ್ಲ, ಮೇಡಂ ಎನ್ನುತ್ತಾನೆ. ತಮ್ಮನ ಎದುರು ಕೂತಾಗ ಅವಳ ಕೈ ಈಗಲೂ ತಾನಾಗಿ ಕತ್ತಿಗೆ ಹೋಗುತ್ತದೆ. ಈಗ ನೀವು ಹೇಳಿ, ಎರಡನೇ ಸಲ ಕೇಳಿದಾಗ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?