ಅಮ್ಮನಿಗೊಂದು ಸೀಟು

ದುಮಾಜಿಲೆ ಹಿಂದಿನ ಸಾಲಿನಲ್ಲಿ ಕೂತು ತಮ್ಮನ ಭಾಷಣ ಕೇಳುತ್ತಿದ್ದಳು. ಡರ್ಬನ್ನಿನ ಆ ದೊಡ್ಡ ಸಭಾಂಗಣದ ವೇದಿಕೆಯ ಮೇಲೆ ಪ್ರೊಫೆಸರ್ ಬೊಂಗುಮೂಸಾ ಜೋಂಡಿ ಕಣ್ಣೊರೆಸಿಕೊಳ್ಳುತ್ತಿದ್ದ.

"ಮನುಷ್ಯ ಮನುಷ್ಯನಾಗೋದೇ ಬೇರೆ ಮನುಷ್ಯರಿಂದ. ಇದನ್ನ ನನಗೆ ಪುಸ್ತಕ ಕಲಿಸಲಿಲ್ಲ, ನನ್ನ ತಾಯಿ ಕಲಿಸಿದ್ಲು. ಮನೇಲಿ ಒಂದೇ ಗೆಣಸಿದ್ರೂ ಪಕ್ಕದ್ಮನೆ ಮಗೂಗೆ ಮೊದಲು ಮುರಿದು ಕೊಡೋಳು."

ಚಪ್ಪಾಳೆಯೋ ಚಪ್ಪಾಳೆ!

ಗೆಣಸಿನ ಮಾತು ಸುಳ್ಳಲ್ಲ. ಆದರೆ ಆ ತಾಯಿ ಇದೇ ಊರಿನ ಆಸ್ಪತ್ರೆಯಲ್ಲಿ ಸತ್ತು ಒಂದೂವರೆ ವರ್ಷವಾಗಿತ್ತು. ದೇಹವನ್ನು ಬೆಟ್ಟದೂರಿಗೆ ಒಯ್ದು ಮಣ್ಣು ಮಾಡಿದ್ದರು. ಜೀವ ಮಾತ್ರ ಕೊನೆಯುಸಿರು ಬಿಟ್ಟಲ್ಲೇ ಕಾದಿತ್ತು. ಜುಲು ಪದ್ಧತಿಯಂತೆ ಮಗನಾದವನು ಮುಳ್ಳುಮರದ ರೆಂಬೆ ಹಿಡಿದು ಹೋಗಿ, ಏಳಮ್ಮ ಮನೆಗೆ ಹೋಗೋಣ ಎಂದು ಕರೆಯಬೇಕು. ಕರೆದಾಗ ಜೀವ ರೆಂಬೆಗೆ ಬಂದು ಸೇರುತ್ತದೆ. ಆಮೇಲೆ ಮನೆ ಮುಟ್ಟುವ ತನಕ ಆ ರೆಂಬೆಯೊಡನೆ ಬಿಟ್ಟು ಇನ್ನಾರೊಡನೆಯೂ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಜೀವ ದಾರಿ ತಪ್ಪುತ್ತದೆ. ಮೂರು ಸಲ ದಿನ ಗೊತ್ತು ಮಾಡಿದ್ದರು. ಮೂರು ಸಲವೂ ಬೊಂಗುಮೂಸನಿಗೆ ಏನೋ ಒಂದು ನೆಪ. ಈಗ ನಾಳೆಗೆಂದು ಊರಲ್ಲಿ ಮೇಕೆ ಕಟ್ಟಿದ್ದರು, ಜೋಳದ ಬಿಯರು ಹುಳಿಯುತ್ತಿತ್ತು. ದುಮಾಜಿಲೆ ರೆಂಬೆಯನ್ನು ಚೀಲದಲ್ಲಿಟ್ಟುಕೊಂಡು ಅವನನ್ನು ಕರೆದೊಯ್ಯಲೆಂದೇ ಬಂದಿದ್ದಳು.

ಊಟದ ಮೇಜಿನ ಹತ್ತಿರ ಅವನು ಸಿಕ್ಕ. ಕೋಳಿಯ ಜಿಡ್ಡು ತುಟಿಯ ಮೇಲೆ ಮಿರಮಿರ ಮಿನುಗುತ್ತಿತ್ತು.

"ಈ ವೇಷದಲ್ಲಿ ಇಲ್ಲಿಗ್ಯಾಕೆ ಬಂದೆ?"

"ಅಮ್ಮನ್ನ ಕರ್ಕೊಂಡು ಹೋಗೋಣ ಬಾರೋ. ಆಸ್ಪತ್ರೆ ಇಲ್ಲೇ ಐದು ನಿಮಿಷ."

"ಚೀನಾದಿಂದ ಅತಿಥಿಗಳು ಬಂದಿದಾರೆ ಕಣೇ. ಮುಂದಿನ ತಿಂಗಳು ನೋಡೋಣ."

"ಅಮ್ಮ ಏನು ನಿನ್ನ ಮೀಟಿಂಗಾ, ಮುಂದಕ್ಕೆ ಹಾಕೋಕೆ?"

ಅಷ್ಟರಲ್ಲಿ ಆ ಅತಿಥಿಯೇ ಬಂದರು. ಯಾನ್ ಶೂಲಾನ್, ನರೆಗೂದಲಿನ ಹೆಂಗಸು. ತಮ್ಮ ಲಿಪಿಯಲ್ಲಿ ಮನುಷ್ಯತನ ಅನ್ನೋ ಪದಕ್ಕೆ 'ಮನುಷ್ಯ' ಬರೆದು ಪಕ್ಕದಲ್ಲಿ 'ಎರಡು' ಬರೆಯುತ್ತೇವೆಂದು ಬೆಳಿಗ್ಗೆ ಬೋರ್ಡಿನ ಮೇಲೆ ತೋರಿಸಿದ್ದವರು. ಎರಡೂ ಕೈ ಜೋಡಿಸಿ ಹಿಡಿದು, ಕಲಿತುಬಂದ ಜುಲು ಮಾತಿನಲ್ಲೇ, "ನಿಮ್ಮನ್ನ ಕಂಡೆವು" ಎಂದು ದುಮಾಜಿಲೆಗೆ ವಂದಿಸಿದರು.

"ಇವರು ಯಾರು ಪ್ರೊಫೆಸರ್?"

"ಇವಳಾ? ಅಡುಗೆಮನೆ ಕಡೆಯೋಳು."

"ನಿಮ್ಮ ಹೆಸರೇನಮ್ಮಾ?"

"ಮಾಜೋಂಡಿ."

ಮದುವೆಯಾದ ಹೆಣ್ಣನ್ನು ಅಲ್ಲಿ ತವರಿನ ಹೆಸರಿಗೆ 'ಮಾ' ಸೇರಿಸಿಯೇ ಕರೆಯುವುದು. ಯಾನ್ ಅದನ್ನೂ ತಿಳಿದುಕೊಂಡಿದ್ದರು. "ಹಾಗಾದ್ರೆ ಜೋಂಡಿಯವರ ಮನೆ ಮಗಳು! ನಿಮಗೆ ನೆಂಟರಾ?"

ಬೊಂಗುಮೂಸಾ ಹಲ್ಲು ಕಿರಿದ. "ಜೋಂಡಿಗಳು ನಮ್ಮಲ್ಲಿ ನೂರಾರು ಜನ ಮೇಡಂ."

ಥೂ! ಇವನ ಫೀಸಿಗೆಂದು ಕಂಡವರ ಮನೆ ಒಳಬಟ್ಟೆ ಒಗೆದ ಕೈಯನ್ನು ದುಮಾಜಿಲೆ ಒಮ್ಮೆ ನೋಡಿಕೊಂಡಳು. ಆ ಬಟ್ಟೆಗಳೂ ಇಷ್ಟು ನಾರುತ್ತಿರಲಿಲ್ಲ.

"ಉಣ್ಣಪ್ಪ, ಉಣ್ಣು. ಆರಿಹೋದೀತು" ಎಂದು ಚೀಲ ಎತ್ತಿಕೊಂಡು ನಡೆದಳು. ಚೀಲದಿಂದ ಮುಳ್ಳುರೆಂಬೆ ಇಣುಕುತ್ತಿದ್ದುದನ್ನು ಯಾನ್ ನೋಡಿದರು.

ರೆಂಬೆಯನ್ನು ಹೆಂಗಸು ಹಿಡಿಯಬಾರದೆಂದು ಊರಿನ ಹಿರಿಯರು ಬೈಯುವುದು ಖಂಡಿತ. ಬೈದುಕೊಳ್ಳಲಿ. ಹಾಸಿಗೆ ಹಿಡಿದ ಅಮ್ಮನನ್ನು ತೊಳೆದು ಬಳಿದದ್ದು ಈ ಕೈಯೇ ತಾನೇ? ವಾರ್ಡಿನ ಕಿಟಕಿಯ ಕೆಳಗೆ ನಿಂತು, "ಅಮ್ಮಾ, ನಾನು ದುಮಾ. ತಡವಾಯ್ತು ಕಣಮ್ಮ. ಏಳು, ಮನೆಗೆ ಹೋಗೋಣ" ಎಂದಳು. ಅಳು ಉಕ್ಕಿ ಬಂತು. ಅತ್ತಳು.

ಗೇಟಿನ ಹೊರಗೆ ಕಾರು ಬಂದು ನಿಂತಿತು.

"ಅಕ್ಕಾ! ನಿಲ್ಲಕ್ಕಾ!" ಬೊಂಗುಮೂಸಾ ಫೋನು ಎತ್ತಿ ಹಿಡಿದೇ ಇಳಿದ. ಹಿಂದೆಯೇ ಯಾನ್ ಇಳಿದರು. "ಮೇಡಂಗೆ ರೆಂಬೆ ವಿಷಯ ಹೇಳ್ದೆ, ನೋಡ್ಲೇಬೇಕು ಅಂದ್ರು. ಮೇಡಂ, ಇವರು ನನ್ನ ಒಡಹುಟ್ಟಿದಕ್ಕ. ಅಕ್ಕಾ, ಸ್ವಲ್ಪ ಮೇಲೆತ್ತಿ ಹಿಡಿ. ಎರಡೇ ಮಾತು ಹೇಳು. ಆಮೇಲೆ ಕಾರಲ್ಲೇ ಊರಿಗೆ ಬಿಡ್ತೀನಿ."

ಅಡುಗೆಮನೆಯವಳು ಅರ್ಧ ಗಂಟೆಯಲ್ಲಿ ಒಡಹುಟ್ಟಿದವಳಾಗಿದ್ದಳು! ಅವನೊಡನೆ ಮಾತಾಡುವಂತಿರಲಿಲ್ಲ, ಆಡುವ ಮನಸ್ಸೂ ಇರಲಿಲ್ಲ. ದುಮಾಜಿಲೆ ರೆಂಬೆಯತ್ತ ಬಾಗಿದಳು.

"ಹೆದರ್ಬೇಡಮ್ಮ. ಯಾರೋ ಜೋಂಡಿಯಂತೆ. ನಮ್ಮಲ್ಲಿ ನೂರಾರು ಜನ. ನೀನು ಕಾರು ಹತ್ತಬೇಡ. ಟ್ಯಾಕ್ಸೀಲಿ ನಿನಗೊಂದು, ನನಗೊಂದು ಸೀಟು ಹಿಡಿತೀನಿ."

'ಜೋಂಡಿ' ಎಂಬ ಹೆಸರು ಯಾನ್ ಕಿವಿಗೂ ಬಿತ್ತು. ಅವರು ಅಕ್ಕನ ಮುಖ ನೋಡಿದರು, ತಮ್ಮನ ಮುಖ ನೋಡಿದರು. "ಫೋನ್ ಕೆಳಗಿಡಿ ಪ್ರೊಫೆಸರ್" ಎಂದು, ರೆಂಬೆಗೆ ತಲೆಬಾಗಿ ದಾರಿ ಬಿಟ್ಟರು.

ಊರಿಗೆ ಹೊರಟಿದ್ದ ಟ್ಯಾಕ್ಸಿ ವ್ಯಾನಿನಲ್ಲಿ ಉಳಿದಿದ್ದುದು ಎರಡೇ ಸೀಟು. ದುಮಾಜಿಲೆ ಎರಡು ಬೆರಳು ತೋರಿಸಿದಳು. ಡ್ರೈವರ್ ರೆಂಬೆ ನೋಡಿ ಟೋಪಿ ತೆಗೆದ. ಅವಳು ರೆಂಬೆಯನ್ನು ಕಿಟಕಿ ಪಕ್ಕದ ಸೀಟಿನಲ್ಲಿಟ್ಟು ತಾನು ಈಚೆ ಕೂತಳು. ಬೊಂಗುಮೂಸಾ ಓಡಿಬಂದು ಮೆಟ್ಟಿಲು ಹತ್ತಿ ಬಾಗಿಲಲ್ಲಿ ತಲೆ ತೂರಿಸಿದ. ಬೆವರು, ಸೆಂಟು, ಕೋಳಿ, ಎಲ್ಲ ಸೇರಿ ಗಬ್ಬೆಂದಿತು.

"ಅಕ್ಕಾ, ನಾನೂ ಬರ್ತೀನಿ. ಜರುಗು, ಕೂತ್ಕೋತೀನಿ."

ಡ್ರೈವರ್ ಹಿಂದಕ್ಕೆ ತಿರುಗಿ ಗದರಿದ. "ಏನ್ರೀ ನೀವು! ಅಲ್ಲಿ ಮನುಷ್ಯರು ಕೂತಿರೋದು ಕಾಣಿಸಲ್ವಾ? ಇಳೀರಿ."

ಅವನು ಇಳಿದ.